ಮನೆ ಮೇಲಿನ ಸೋಲಾರ್ ನೋಡಿಕೊಳ್ಳುವುದು: ಕೋಲಾರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತಾರಸಿ ಮೇಲೆ ಆರು ಪ್ಯಾನಲ್ ಇವೆ. ಒಂದೊಂದೂ 540 ವ್ಯಾಟ್, ಒಟ್ಟು 3.24 ಕಿಲೋವ್ಯಾಟ್. ಹಾಕಿಸಿದ ದಿನದಿಂದ ಬೀದಿಯವರು, ನೆಂಟರು, ಮುಳಬಾಗಿಲು, ಮಾಲೂರು ಕಡೆಯ ಗೆಳೆಯರು ಎಲ್ಲರದೂ ಅದೇ ಪ್ರಶ್ನೆಗಳು. ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದಿಟ್ಟಿದ್ದೇನೆ. ಇಲ್ಲಿರುವುದು ಹೆಚ್ಚಾಗಿ ಬ್ಯಾಟರಿ ಇಲ್ಲದ, ಬೆಸ್ಕಾಂ ಲೈನಿಗೆ ಸೇರಿಸಿದ ಆನ್‌ಗ್ರಿಡ್ ಸೋಲಾರ್ ಬಗ್ಗೆ. ಬ್ಯಾಟರಿ ಇಟ್ಟುಕೊಂಡವರಿಗೆ ಕೆಳಗಡೆ ಬೇರೆಯಾಗಿ ಬರೆದಿದ್ದೇನೆ.

ಹಾಕಿದವರು "ಇದಕ್ಕೆ ಮೇಂಟೆನೆನ್ಸೇ ಇಲ್ಲ ಸಾರ್" ಅಂದಿದ್ದರು. ನಿಜಾನಾ?

ಮುಕ್ಕಾಲು ನಿಜ. ತಿರುಗುವ ಭಾಗ ಇಲ್ಲ, ಎಣ್ಣೆ ಹಾಕುವ ಕೆಲಸ ಇಲ್ಲ, ಸವೆಯುವ ಬೆಲ್ಟ್ ಇಲ್ಲ. ಉಳಿದ ಕಾಲು ಭಾಗದಲ್ಲಿ ಧೂಳು, ನೀರು, ಹಕ್ಕಿ, ಕೋತಿ, ಸಡಿಲವಾದ ವೈರು ಬರುತ್ತವೆ. ಇವುಗಳಲ್ಲಿ ಯಾವುದೂ ಕೂಗಿ ಹೇಳುವುದಿಲ್ಲ. ಫ್ರಿಜ್ ಕೆಟ್ಟರೆ ಹಾಲು ಒಡೆದು ಗೊತ್ತಾಗುತ್ತದೆ. ಸೋಲಾರ್ ಅರ್ಧ ಕೆಟ್ಟರೂ ಮನೆಯಲ್ಲಿ ಫ್ಯಾನು ತಿರುಗುತ್ತಲೇ ಇರುತ್ತದೆ, ಯಾಕೆಂದರೆ ಕೊರತೆಯನ್ನು ಬೆಸ್ಕಾಂ ಲೈನ್ ತುಂಬಿಕೊಡುತ್ತದೆ. ಎರಡು ತಿಂಗಳಾದ ಮೇಲೆ ಬಿಲ್ ನೋಡಿ "ಅಯ್ಯೋ" ಅನ್ನುತ್ತೇವೆ.

ಹಾಗಾದರೆ ಸರಿಯಾಗಿ ಓಡುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ನಿಮ್ಮ ಸಿಸ್ಟಮ್‌ನ ಅಂಕಿ ನಿಮಗೆ ಬಾಯಿಪಾಠ ಆಗಬೇಕು. ನನ್ನ ಮಟ್ಟಿಗೆ ನಿರ್ವಹಣೆಯಲ್ಲಿ ಅರ್ಧ ಕೆಲಸ ಇದೇ.

ನಮ್ಮ ಕಡೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಅಂತ ಇಟ್ಟುಕೊಳ್ಳಿ. ಫೆಬ್ರವರಿ, ಮಾರ್ಚ್‌ನ ಚೊಕ್ಕ ಬಿಸಿಲಿಗೆ ನಾಲ್ಕೂವರೆ, ಐದರ ಹತ್ತಿರ ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ದಿನವಿಡೀ ಮೋಡ ಮುಚ್ಚಿಕೊಂಡರೆ ಮೂರು, ಕೆಲವೊಮ್ಮೆ ಎರಡು. ಅಂದರೆ 3 ಕಿಲೋವ್ಯಾಟ್ ಇದ್ದವರಿಗೆ ಸರಾಸರಿ 12 ಯೂನಿಟ್.

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಪ್ರತಿ ಭಾನುವಾರ ಸಂಜೆ, ಪ್ಯಾನಲಿನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಕರೆಂಟಾಗಿ ಬದಲಿಸುವ ಇನ್ವರ್ಟರ್‌ನ ಒಟ್ಟು ಯೂನಿಟ್ ಬರೆಯುತ್ತೇನೆ. "ಹಾಲು ಒಂದೂವರೆ ಲೀಟರ್" ಪಕ್ಕದಲ್ಲಿ "4,812". ಮುಂದಿನ ಭಾನುವಾರ ಕಳೆದು ಏಳರಿಂದ ಭಾಗಿಸಿದರೆ ದಿನದ ಸರಾಸರಿ ಬಂತು. ಪಕ್ಕದ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಸೋಲಾರ್ ಇದ್ದರೆ ಅವರನ್ನೂ ಕೇಳಿ. ಅವರದೂ ಇಳಿದಿದ್ದರೆ ಮೋಡದ ಕೆಲಸ. ನಿಮ್ಮದು ಮಾತ್ರ ಇಳಿದಿದ್ದರೆ ತಾರಸಿ ಹತ್ತಿ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಕೋಲಾರ ಟೌನಿನಲ್ಲಿ ಡಿಸೆಂಬರಿನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ತೊಳೆದರೆ ಸಾಕು. ಜಲ್ಲಿ ಕ್ರಷರ್ ಹತ್ತಿರ ಇರುವವರು, ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕದವರು, ಲಾರಿ ಓಡುವ ಮಣ್ಣಿನ ರಸ್ತೆ ಬದಿಯವರು ವಾರಕ್ಕೊಮ್ಮೆ ತೊಳೆಯಲೇಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಿಕೊಂಡರೆ ಆಯಿತು.

ಶ್ರೀನಿವಾಸಪುರದ ಕಡೆ ಮಾವಿನ ತೋಟದ ನಡುವೆ ಮನೆ ಇರುವವರಿಗೆ ಇನ್ನೊಂದು ತಾಪತ್ರಯ. ಮಾವು ಹೂ ಬಿಟ್ಟಾಗ ಜಿಗಿಹುಳು ಬಂದರೆ ಅದು ಸಿಹಿ ಅಂಟು ಉದುರಿಸುತ್ತದೆ. ಮರದ ಕೆಳಗೆ ಬೈಕ್ ನಿಲ್ಲಿಸಿದವರಿಗೆ ಸೀಟು ಅಂಟಂಟಾಗುವುದು ಗೊತ್ತಿರುತ್ತದೆ. ಅದೇ ಅಂಟು ಗಾಜಿನ ಮೇಲೆ ಕೂತರೆ ಧೂಳು ಅದಕ್ಕೆ ಮೆತ್ತಿಕೊಂಡು ಕಪ್ಪಾಗುತ್ತದೆ. ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಉಜ್ಜಬೇಕು. ಹೂವಿನ ಕಾಲದಲ್ಲಿ ಅವರು ಹದಿನೈದು ದಿನ ಕಾಯಬಾರದು.

ದಿನಾ ತೊಳೆಯುವವರೂ ಇದ್ದಾರೆ. ಬೇಡ. ನೀರೂ ದಂಡ, ಗಾಜಿನ ಮೇಲಿನ ತೆಳು ಲೇಪನವೂ ಉಜ್ಜಿ ಉಜ್ಜಿ ಸವೆಯುತ್ತದೆ.

ಬೋರ್‌ವೆಲ್ ನೀರಲ್ಲಿ ತೊಳೆಯಬಹುದಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಾನು ಮಾಡಿದ ದೊಡ್ಡ ತಪ್ಪೂ ಇದೇ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್ ಸಾವಿರ ಅಡಿ ದಾಟಿದರೂ ಆಶ್ಚರ್ಯ ಇಲ್ಲ. ಅಷ್ಟು ಆಳದ ನೀರಿನಲ್ಲಿ ಸುಣ್ಣದ ಅಂಶ, ಮೆಗ್ನೀಸಿಯಂ ಎಲ್ಲ ಕರಗಿರುತ್ತದೆ. ನಿಮ್ಮ ಬಕೆಟ್ಟಿನ ಅಂಚು, ನಲ್ಲಿಯ ಮೂತಿ, ಗೀಸರಿನ ಕಾಯಿಲ್ ನೋಡಿದರೆ ಗೊತ್ತಾಗುತ್ತದಲ್ವಾ? ಅದೇ ಬಿಳಿ ಪದರ ಗಾಜಿನ ಮೇಲೂ ಕೂರುತ್ತದೆ.

ಮೊದಲ ಆರು ತಿಂಗಳು ನಾನು ಪೈಪ್ ಹಿಡಿದು ಜೋರಾಗಿ ನೀರು ಬಿಟ್ಟು, ಹಾಗೇ ಬಿಸಿಲಿಗೆ ಒಣಗಲು ಬಿಟ್ಟು ಇಳಿದು ಬರುತ್ತಿದ್ದೆ. ದೂರದಿಂದ ಪ್ಯಾನಲ್ ಫಳಫಳ. ಒಂದು ಬೆಳಗ್ಗೆ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಹತ್ತಿರ ಹೋಗಿ ನೋಡಿದರೆ ಗಾಜಿನ ತುಂಬ ಹನಿಗಳ ಗುರುತು, ಒಂದೊಂದು ಹನಿಯ ಸುತ್ತ ಒಂದೊಂದು ಬಿಳಿ ಉಂಗುರ. ಉಗುರಿನಿಂದ ಕೆರೆದರೆ ಪುಡಿ ಬರುತ್ತಿತ್ತು. ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ಅಳೆಯುವ ಟಿಡಿಎಸ್ ಮೀಟರ್ ತಂದು ಬೋರ್ ನೀರಿಗೆ ಅದ್ದಿದೆ, 1,100 ತೋರಿಸಿತು. ಫೆಬ್ರವರಿಯಲ್ಲಿ 14 ಯೂನಿಟ್ ಕೊಡಬೇಕಾದ ಸಿಸ್ಟಮ್ 12ಕ್ಕೆ ಇಳಿದಿತ್ತು, ಅದೂ ತೊಳೆದ ಮೇಲೆ! ಧೂಳು ಗಾಳಿಗೆ ಹಾರೀತು, ಸುಣ್ಣ ಹಾರುವುದಿಲ್ಲ.

ಈಗ ಏನು ಮಾಡುತ್ತೇನೆ ಅಂದರೆ, ಮಳೆನೀರು ಹಿಡಿದಿಟ್ಟ ಡ್ರಮ್ ಇದೆ, ಮೊದಲು ಅದು. ಅದು ಮುಗಿದರೆ ಶುದ್ಧ ಕುಡಿಯುವ ನೀರಿನ ಘಟಕದ ಒಂದು ಕ್ಯಾನ್. 20 ಲೀಟರಲ್ಲಿ ಆರು ಪ್ಯಾನಲ್ ಆರಾಮಾಗಿ ಆಗುತ್ತವೆ, ಪೈಪ್ ಬಿಟ್ಟು ಬಟ್ಟೆ ಹಿಡಿದರೆ. ಎಸಿ ಇರುವ ಮನೆಯವರು ಅದರಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡಿ. ಅದರಲ್ಲಿ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಬೋರ್ ನೀರು ಬಿಟ್ಟರೆ ಗತಿ ಇಲ್ಲ ಅನ್ನುವವರು ಒಂದೇ ಒಂದು ನಿಯಮ ಇಟ್ಟುಕೊಳ್ಳಿ: ಗಾಜಿನ ಮೇಲೆ ನೀರು ತಾನಾಗಿ ಒಣಗಲು ಬಿಡಬೇಡಿ. ಕಿಟಕಿ ಒರೆಸುವ ರಬ್ಬರ್ ವೈಪರ್‌ನಿಂದ ಮೇಲಿಂದ ಕೆಳಕ್ಕೆ ಎಳೆದು, ಒಣ ಬಟ್ಟೆಯಲ್ಲಿ ಒರೆಸಿಬಿಡಿ.

ಮನೆಯ ಆರ್‌ಒ ಮೆಷಿನ್ ಹೊರಗೆ ಬಿಡುವ ನೀರು ಹೇಗೂ ದಂಡ ಆಗುತ್ತದೆ. ಅದನ್ನು ಬಳಸಲಾ?

ಅಯ್ಯೋ, ಬೇಡ. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ಹೊರಗೆ ಬರುವ ನೀರಿನಲ್ಲೇ ಇರುತ್ತದೆ. ಬೋರ್ ನೀರಿಗಿಂತ ಅದೇ ಗಡಸು. ನೆಲ ಒರೆಸಿ, ಪಾಯಿಖಾನೆಗೆ ಹಾಕಿ. ಪ್ಯಾನಲ್‌ಗೆ ಬೇಡ.

ಆಗಲೇ ಬಿಳಿ ಪದರ ಕೂತುಬಿಟ್ಟಿದೆ. ತೆಗೆಯುವುದು ಹೇಗೆ?

ಬಾತ್‌ರೂಮ್ ಆಸಿಡ್ ಮುಟ್ಟಲೇಬೇಡಿ. ಅದು ಅಲ್ಯೂಮಿನಿಯಂ ಫ್ರೇಮನ್ನೂ ಗಾಜಿನ ಲೇಪನವನ್ನೂ ತಿನ್ನುತ್ತದೆ. ನಾನು ಮಾಡಿದ್ದು ಹೀಗೆ: ಒಂದು ಲೋಟ ಬಿಳಿ ವಿನೆಗರ್‌ಗೆ ಹತ್ತು ಲೋಟ ಒಳ್ಳೆ ನೀರು. ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ. ಮೆತ್ತನೆ ಬಟ್ಟೆ ಅದ್ದಿ, ಕಲೆಯ ಮೇಲೆ ಎರಡು ನಿಮಿಷ ಹಾಗೇ ಹಾಸಿ, ಆಮೇಲೆ ವೃತ್ತಾಕಾರವಾಗಿ ಒರೆಸಿದೆ. ಕೊನೆಗೆ ಒಳ್ಳೆ ನೀರಲ್ಲಿ ಎರಡು ಸಲ ತೊಳೆದೆ. ಒಂದೇ ಸಲಕ್ಕೆ ಹೋಗಲಿಲ್ಲ, ಮೂರು ಭಾನುವಾರ ಹಿಡಿಯಿತು. ಪ್ಯಾನಲ್ ಕಂಪನಿಯ ಕೈಪಿಡಿಯಲ್ಲಿ ಏನು ಬಳಸಬಾರದು ಅಂತ ಬರೆದಿರುತ್ತಾರೆ. ಅದನ್ನೊಮ್ಮೆ ಓದಿಯೇ ಶುರು ಮಾಡಿ, ವಾರಂಟಿಯ ಪ್ರಶ್ನೆ ಇದೆ.

ತೊಳೆಯಲು ಯಾವ ಹೊತ್ತು ಒಳ್ಳೆಯದು? ಸರ್ಫ್ ಹಾಕಬಹುದಾ?

ಬೆಳಗ್ಗೆ ಆರೂವರೆ, ಏಳರ ಒಳಗೆ. ಇಬ್ಬನಿ ಬಿದ್ದಿದ್ದರೆ ಇನ್ನೂ ಒಳ್ಳೆಯದು, ಧೂಳು ಆಗಲೇ ನೆನೆದಿರುತ್ತದೆ. ಮಧ್ಯಾಹ್ನ ಗಾಜು ಕೈ ಇಡಲಾಗದಷ್ಟು ಕಾದಿರುತ್ತದೆ. ಅದರ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಸರ್ಫ್, ಸೋಪು ಬೇಡ, ಅದರ ಜಿಡ್ಡು ಉಳಿದು ಧೂಳನ್ನು ಮತ್ತೆ ಕರೆಯುತ್ತದೆ. ತೆಂಗಿನ ನಾರು, ಸ್ಟೀಲ್ ಬ್ರಷ್, ಕಾರು ತೊಳೆಯುವ ಪ್ರೆಷರ್ ಪೈಪು ಯಾವುದೂ ಬೇಡ. ಉದ್ದ ಕೋಲಿಗೆ ಕಟ್ಟಿದ ಸ್ಪಂಜು ಅಥವಾ ಮೈಕ್ರೋಫೈಬರ್ ಬಟ್ಟೆ ಸಾಕು.

ಪ್ಯಾನಲ್ ಮೇಲೆ ಹತ್ತಬೇಡಿ, ಮಂಡಿ ಊರಲೂ ಬೇಡಿ. ಗಾಜು ಒಡೆಯದಿದ್ದರೂ ಒಳಗಿನ ಸೆಲ್ (ಬೆಳಕನ್ನು ಕರೆಂಟ್ ಮಾಡುವ ತೆಳು ಬಿಲ್ಲೆ) ಸೀಳಬಹುದು. ಅದು ಕಣ್ಣಿಗೆ ಕಾಣುವುದೇ ಇಲ್ಲ. ಯಾವುದಾದರೂ ಗಾಜು ಒಡೆದಿದ್ದರೆ, ವೈರು ಸಿಪ್ಪೆ ಸುಲಿದಿದ್ದರೆ ನೀರು ಮುಟ್ಟಿಸಲೇಬೇಡಿ. ಹಾಗೆಯೇ ಒದ್ದೆ ತಾರಸಿ, ಹವಾಯಿ ಚಪ್ಪಲಿ, ಗಿಡ್ಡ ಪ್ಯಾರಪೆಟ್ ಮೂರೂ ಸೇರಿದರೆ ಜಾರುವುದು ಗ್ಯಾರಂಟಿ. ಒಬ್ಬರೇ ಹೋಗಬೇಡಿ.

ಮಳೆ ಬಂದರೆ ತಾನೇ ತೊಳೆದುಹೋಗುತ್ತದಲ್ವಾ?

ಜೋರು ಮಳೆ ಬಂದರೆ ಹೌದು. ನಮಗೆ ಒಳ್ಳೆಯ ಮಳೆ ಸಿಗುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್, ಜುಲೈನ ತುಂತುರು ಮಳೆ ತೊಳೆಯುವ ಬದಲು ಧೂಳನ್ನು ಕೆಸರು ಮಾಡಿ ಹೋಗುತ್ತದೆ. ಇನ್ನೊಂದು, ಕೋಲಾರ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಪ್ಯಾನಲನ್ನೂ ದಕ್ಷಿಣಕ್ಕೆ ಅಷ್ಟೇ ಇಳಿಜಾರು ಕೊಟ್ಟು ಕೂರಿಸುತ್ತಾರೆ. ಅಷ್ಟು ಕಮ್ಮಿ ಇಳಿಜಾರಿನಲ್ಲಿ ನೀರು ಪೂರ್ತಿ ಇಳಿಯುವುದಿಲ್ಲ, ಕೆಳಗಿನ ಫ್ರೇಮ್ ಅಂಚಿನಲ್ಲಿ ನಿಲ್ಲುತ್ತದೆ. ಒಣಗಿದ ಮೇಲೆ ಅಲ್ಲಿ ಎರಡು ಬೆರಳು ಅಗಲ ಕೆಮ್ಮಣ್ಣಿನ ಪಟ್ಟಿ ಉಳಿಯುತ್ತದೆ. ಮಳೆಗಾಲದಲ್ಲಿ ಆ ಪಟ್ಟಿಯೊಂದನ್ನು ಒರೆಸಿದರೆ ಸಾಕು, ಉಳಿದದ್ದನ್ನು ಮಳೆಗೇ ಬಿಡಿ.

ಪಾರಿವಾಳದ ಹಿಕ್ಕೆ ಒಂದು ಮೂಲೆಯಲ್ಲಿ ಬಿದ್ದಿದೆ. ಅಷ್ಟಕ್ಕೇ ಏನಾದೀತು?

ಅಷ್ಟಕ್ಕೇ ಆಗುತ್ತದೆ. ಪ್ಯಾನಲಿನ ಸೆಲ್‌ಗಳು ಸರದಲ್ಲಿ ಪೋಣಿಸಿದಂತೆ ಒಂದರ ಹಿಂದೆ ಒಂದು ಸೇರಿರುತ್ತವೆ. ಒಂದು ಸೆಲ್ ಪೂರ್ತಿ ಮುಚ್ಚಿಹೋದರೆ ಅದು ಕರೆಂಟ್ ಮಾಡುವ ಬದಲು ತಡೆಯುತ್ತದೆ, ಬಿಸಿಯಾಗುತ್ತದೆ. ಇದಕ್ಕೇ ಹಾಟ್‌ಸ್ಪಾಟ್ ಅನ್ನುವುದು. ಸಾಮಾನ್ಯವಾಗಿ ಒಂದು ಪ್ಯಾನಲಿನಲ್ಲಿ ಮೂರು ಬೈಪಾಸ್ ಡಯೋಡ್ ಇರುತ್ತವೆ, ಅವು ಆ ಭಾಗವನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ಕಳಿಸುತ್ತವೆ. ಹಾಗಾಗಿ ಅಂಗೈಯಗಲ ಹಿಕ್ಕೆಗೆ ಆ ಪ್ಯಾನಲಿನ ಮೂರನೇ ಒಂದು ಭಾಗ ಹೋಗಬಹುದು. ಇಡೀ ಗಾಜಿನ ಮೇಲೆ ಸಮನಾಗಿ ಹರಡಿದ ತೆಳು ಧೂಳಿಗಿಂತ ಒಂದು ದಪ್ಪ ಕಲೆ ಕೆಟ್ಟದ್ದು.

ಒಣಗಿದ ಹಿಕ್ಕೆಯನ್ನು ಕೆರೆಯಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿಡಿ, ತಾನೇ ಬಿಡುತ್ತದೆ. ಪ್ಯಾನಲ್ ಅಡಿಯಲ್ಲಿ ಗೂಡು ಕಟ್ಟುತ್ತಿದ್ದರೆ ಸುತ್ತಲಿನ ಸಂದಿಗೆ ಜಾಲರಿ ಹಾಕಿಸಿ. ಜಾಲರಿ ಬದಿಗೆ ಮಾತ್ರ, ಮೇಲಕ್ಕೆ ಬರಬಾರದು.

ಅಂತರಗಂಗೆ ಬೆಟ್ಟದ ಕಡೆಯಿಂದ ಕೋತಿ ಬರುತ್ತವೆ. ಏನು ಮಾಡೋದು?

ಬೆಟ್ಟದ ಬುಡದ ಬಡಾವಣೆಗಳಲ್ಲಿ ಇದು ದಿನದ ಗೋಳು. ಕೋತಿ ಕೂತರೆ ಪ್ಯಾನಲಿಗೆ ಅಂಥ ನಷ್ಟ ಇಲ್ಲ. ಅದರ ಕಣ್ಣು ಜೋತಾಡುವ ವೈರಿನ ಮೇಲೆ. ಒಂದು ವೈರು ಸಿಕ್ಕರೆ ಜೋಕಾಲಿ! ಹಾಗಾಗಿ ಕಾಣುವ ಪ್ರತಿ ವೈರೂ ಪೈಪಿನೊಳಗೆ ಹೋಗಬೇಕು. ಪ್ಯಾನಲಿನ ಹಿಂಬದಿಯ ವೈರುಗಳನ್ನು ಫ್ರೇಮಿಗೆ ಅಂಟಿಸಿದಂತೆ ಬಿಗಿದಿರಬೇಕು.

ಎರಡನೆಯದು ನಮ್ಮದೇ ತಪ್ಪು. ಪ್ಯಾನಲಿನ ಮೇಲೆ ಸಂಡಿಗೆ, ಹಪ್ಪಳ ಒಣಗಿಸುತ್ತೇವೆ. ನಗಬೇಡಿ, ಕಣ್ಣಾರೆ ಕಂಡಿದ್ದೇನೆ, ಬಿಸಿ ಗಾಜಿನ ಮೇಲೆ ಬೇಗ ಒಣಗುತ್ತದಂತೆ. ಅಡಿಯ ನೆರಳಿನಲ್ಲಿ ಕಡಲೆಕಾಯಿ ಮೂಟೆ ಇಡುತ್ತೇವೆ. ಕೋತಿಗೆ ಇದಕ್ಕಿಂತ ಆಹ್ವಾನ ಪತ್ರಿಕೆ ಬೇಕಾ? ಮೂಟೆ ಇಟ್ಟರೆ ಇಲಿ, ಅಳಿಲೂ ಬರುತ್ತವೆ, ವೈರು ಕಡಿಯುತ್ತವೆ. ಪ್ಯಾನಲಿನ ಅಡಿ ಗಾಳಿ ಆಡಬೇಕು. ಅದು ಉಗ್ರಾಣ ಅಲ್ಲ.

ಹಾಕಿಸಿದಾಗ ನೆರಳು ಇರಲಿಲ್ಲ. ಈಗ ಚಳಿಗಾಲದಲ್ಲಿ ಯೂನಿಟ್ ಬೀಳುತ್ತಿದೆ, ಯಾಕೆ?

ಸೂರ್ಯ ಜಾಗ ಬದಲಿಸುತ್ತಾನೆ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನ ನಮ್ಮ ನೆತ್ತಿಯ ಮೇಲೇ ಇರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಬಾಗಿ ಮಧ್ಯಾಹ್ನದಲ್ಲೂ 53 ಡಿಗ್ರಿ ಎತ್ತರಕ್ಕೆ ಮಾತ್ರ ಬರುತ್ತಾನೆ. ಆಗ ದಕ್ಷಿಣದ ಕಡೆ 10 ಅಡಿ ಗೋಡೆ ಇದ್ದರೆ ನಡು ಮಧ್ಯಾಹ್ನವೇ 7 ಅಡಿಗಿಂತ ಜಾಸ್ತಿ ನೆರಳು. ಬೆಳಗ್ಗೆ, ಸಂಜೆ ಇನ್ನೂ ಉದ್ದ. ಪಕ್ಕದವರು ಒಂದು ಅಂತಸ್ತು ಏರಿಸಿದ್ದಾರಾ, ತೆಂಗಿನ ಗರಿ ಬೆಳೆದಿದೆಯಾ, ನೀವೇ ಹೊಸ ನೀರಿನ ಟ್ಯಾಂಕ್ ಇಟ್ಟಿದ್ದೀರಾ, ನೋಡಿ. ಡಿಸೆಂಬರಿನ ಒಂದು ದಿನ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮೊಬೈಲಿನಲ್ಲಿ ತಾರಸಿಯ ಫೋಟೋ ತೆಗೆದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಮೇ ತಿಂಗಳಲ್ಲಿ ಬಿಸಿಲು ಸುಡುತ್ತದೆ, ಆದರೆ ಯೂನಿಟ್ ಮಾರ್ಚ್‌ಗಿಂತ ಕಮ್ಮಿ. ಕೆಟ್ಟಿದೆಯಾ?

ಕೆಟ್ಟಿಲ್ಲ. ಪ್ಯಾನಲಿಗೆ ಬೇಕಾದದ್ದು ಬೆಳಕು, ಶಾಖ ಬೇಡ. ಪ್ಯಾನಲಿನ ಮೇಲೆ ಬರೆದ ವ್ಯಾಟ್, ಸೆಲ್ 25 ಡಿಗ್ರಿಯಲ್ಲಿ ಇದ್ದಾಗಿನ ಲೆಕ್ಕ. ಬೇಸಿಗೆಯಲ್ಲಿ ಸೆಲ್ 60 ಡಿಗ್ರಿ ತಲುಪುವುದು ಮಾಮೂಲು. ಏರಿದ ಪ್ರತಿ ಡಿಗ್ರಿಗೆ ಸುಮಾರು ಶೇ 0.35 ಇಳಿಯುತ್ತದೆ, ಅಂದರೆ 12 ಶೇಕಡಾ ಹಾಗೇ ಹೋಯಿತು. ಅದರ ಮೇಲೆ ಮೇ ಮಧ್ಯಾಹ್ನದ ಮೋಡ ಬೇರೆ. ತಣಿಸುತ್ತೇನೆ ಅಂತ ಮಧ್ಯಾಹ್ನ ನೀರು ಎರಚಲು ಹೋಗಬೇಡಿ.

ಕರೆಂಟ್ ಹೋದರೆ ಸೋಲಾರ್ ಕೂಡ ನಿಂತುಹೋಗುತ್ತದೆ. ಮತ್ತೆ ಯಾಕೆ ಇದು?

ಆನ್‌ಗ್ರಿಡ್ ಇರುವುದೇ ಹಾಗೆ. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಸೋಲಾರ್ ಶಾಕ್ ಕೊಡಬಾರದಲ್ವಾ? ಅದಕ್ಕೆ ಲೈನ್ ಹೋದ ಕೂಡಲೇ ಇನ್ವರ್ಟರ್ ತಾನೇ ನಿಲ್ಲುತ್ತದೆ, ಬಂದ ಮೇಲೆ ಕೆಲವು ನಿಮಿಷ ಕಾದು ಶುರುವಾಗುತ್ತದೆ. ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ 1902ರಲ್ಲೇ ಕರೆಂಟ್ ಬಂತು, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಅಷ್ಟು ಮುಂಚೆ ಕರೆಂಟ್ ಕಂಡ ಜಿಲ್ಲೆಯವರು ನಾವು, ಈಗ ಲೋಡ್ ಶೆಡ್ಡಿಂಗ್ ಲೆಕ್ಕ ಹಾಕುತ್ತೇವೆ! ಕರೆಂಟ್ ಹೋದಾಗಲೂ ಬೆಳಕು ಬೇಕಿದ್ದರೆ ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಬೇಕು.

ಕರೆಂಟ್ ಇದೆ, ಬಿಸಿಲೂ ಇದೆ. ಮಧ್ಯಾಹ್ನ ಇನ್ವರ್ಟರ್ ಆಗಾಗ ಆಫ್ ಆಗುತ್ತದೆ?

ಡಿಸ್‌ಪ್ಲೇ ನೋಡಿ. "ಗ್ರಿಡ್ ಓವರ್ ವೋಲ್ಟೇಜ್" ಅಂತ ಬಂದಿದ್ದರೆ ತಪ್ಪು ಪ್ಯಾನಲಿನದಲ್ಲ. ಮನೆಯ ಲೈನು 230 ವೋಲ್ಟ್ ಇರಬೇಕು. ಶೇ 10 ಏರಿ 253ರ ಹತ್ತಿರ ಬಂದರೆ ಹಲವು ಇನ್ವರ್ಟರ್ ನಿಂತುಬಿಡುತ್ತವೆ. ಟ್ರಾನ್ಸ್‌ಫಾರ್ಮರ್ ಹತ್ತಿರದ ಮನೆಗಳಲ್ಲಿ, ಹಗಲು ಬಳಕೆ ಕಮ್ಮಿ ಇರುವ ಬೀದಿಗಳಲ್ಲಿ ಇದು ಜಾಸ್ತಿ. ಮೂರು ದಿನ ಸಮಯ ಮತ್ತು ವೋಲ್ಟೇಜ್ ಬರೆದುಕೊಳ್ಳಿ, ಡಿಸ್‌ಪ್ಲೇ ಫೋಟೋ ತೆಗೆಯಿರಿ, ಆಮೇಲೆ 1912ಕ್ಕೆ ದೂರು ಕೊಡಿ. "ಆಗಾಗ ಆಫ್ ಆಗತ್ತೆ" ಅಂದರೆ ಯಾರೂ ಬರುವುದಿಲ್ಲ. "ಮಂಗಳವಾರ 12:40ಕ್ಕೆ 258 ವೋಲ್ಟ್" ಅಂದರೆ ಕೇಳಿಸಿಕೊಳ್ಳುತ್ತಾರೆ. ಇನ್ವರ್ಟರಿನಿಂದ ಮೀಟರ್ ತನಕದ ವೈರು ತೆಳ್ಳಗಿದ್ದರೂ ಹೀಗಾಗುತ್ತದೆ, ಅದನ್ನು ಹಾಕಿದವರಿಂದ ನೋಡಿಸಿ.

ಮಳೆ ಬಂದ ಮಾರನೇ ದಿನ ಬೆಳಗ್ಗೆ ಕೆಂಪು ದೀಪ, ಹತ್ತು ಗಂಟೆಗೆ ಸರಿಹೋಗುತ್ತದೆ. ಬಿಟ್ಟುಬಿಡಲಾ?

ಬಿಡಬೇಡಿ. ನಮ್ಮ ಮನೆಯಲ್ಲೇ ಆಗಿತ್ತು. ಒಂದು ಸೆಪ್ಟೆಂಬರಿನಲ್ಲಿ ರಾತ್ರಿ ಮಳೆ, ಬೆಳಗ್ಗೆ ಏಳಕ್ಕೆ "ಐಸೋಲೇಷನ್ ಫಾಲ್ಟ್" (ಕರೆಂಟ್ ಎಲ್ಲೋ ಸೋರುತ್ತಿದೆ ಅನ್ನುವ ಎಚ್ಚರಿಕೆ), ಬಿಸಿಲೇರಿದ ಮೇಲೆ ತಾನೇ ಹಸಿರು. ಹಾಕಿದವರಿಗೆ ಫೋನ್ ಮಾಡಿದರೆ "ಈಗ ಓಡ್ತಿದೆಯಲ್ಲ ಸಾರ್" ಅಂದರು. ನಾಲ್ಕು ಸಲ ಮಾಡಿದೆ, ಒಬ್ಬರೂ ಬರಲಿಲ್ಲ. ಐದನೇ ದಿನ ನಾನೇ ಪ್ಯಾನಲ್ ಅಡಿಗೆ ಬಗ್ಗಿ ನೋಡಿದೆ. ಮೂರನೇ ಪ್ಯಾನಲಿನ ಎಂಸಿ4 ಕನೆಕ್ಟರ್ (ಪ್ಯಾನಲಿನ ವೈರುಗಳನ್ನು ಸೇರಿಸುವ ಪ್ಲಗ್) ಕಟ್ಟು ಬಿಚ್ಚಿ ತಾರಸಿಯಲ್ಲಿ ನಿಂತ ನೀರಿನೊಳಗೆ ಮಲಗಿತ್ತು. ಅದನ್ನು ಕಟ್ಟಿದ್ದ ಬಿಳಿ ಪ್ಲಾಸ್ಟಿಕ್ ಟೈ ಎರಡು ಬೇಸಿಗೆಗೆ ಬಿಸ್ಕೆಟ್ಟಿನಂತೆ ಪುಡಿಯಾಗಿತ್ತು. ಉಳಿದ ಟೈಗಳನ್ನು ಮುಟ್ಟಿದರೆ ಅವೂ ಮುರಿದವು.

ಆ ನೀರಿನಲ್ಲಿದ್ದದ್ದು ಆಟದ ವೋಲ್ಟೇಜ್ ಅಲ್ಲ. ಆರು ಪ್ಯಾನಲ್ ಸಾಲಾಗಿ ಸೇರಿದರೆ ಸುಮಾರು 300 ವೋಲ್ಟ್ ಡಿಸಿ. ಎಂಸಿಬಿ ಇಳಿಸಿದರೂ ಬಿಸಿಲಿರುವ ತನಕ ಪ್ಯಾನಲಿನಿಂದ ಸ್ವಿಚ್ಚಿನವರೆಗಿನ ವೈರು ಜೀವಂತ. ಹಾಗಾಗಿ ನಾನು ಕೈ ಹಾಕಲಿಲ್ಲ, ಬೇರೆ ಎಲೆಕ್ಟ್ರಿಷಿಯನ್ ಕರೆಸಿ ಕನೆಕ್ಟರ್ ಬದಲಿಸಿದೆ, ಎಲ್ಲ ಕಡೆ ಸ್ಟೀಲ್ ಕ್ಲಿಪ್ ಹಾಕಿಸಿದೆ. ನೀವೂ ಮಳೆಗಾಲಕ್ಕೆ ಮೊದಲು ಒಮ್ಮೆ ಬಗ್ಗಿ ನೋಡಿ, ಟಾರ್ಚ್ ಹಿಡಿದು. ನೋಡುವುದಷ್ಟೇ, ಮುಟ್ಟುವುದು ಬೇಡ. ಕರಗಿದ ಕನೆಕ್ಟರ್, ಕಪ್ಪಾದ ಗುರುತು, ಇರುವೆ ಗೂಡು ಕಂಡರೆ ಫೋನ್ ಮಾಡಿ. ಮತ್ತೆ, ಓಡುತ್ತಿರುವ ಸಿಸ್ಟಮ್‌ನ ಕನೆಕ್ಟರನ್ನು ಯಾವತ್ತೂ ಕಿತ್ತು ನೋಡಬಾರದು, ಕಿಡಿ ಹಾರಿ ಕೈ ಸುಡುತ್ತದೆ.

ಮೊಬೈಲ್ ಆ್ಯಪ್ ಸೊನ್ನೆ ತೋರಿಸುತ್ತಿದೆ!

ವೈಫೈ ಪಾಸ್‌ವರ್ಡ್ ಬದಲಿಸಿದಿರಾ? ಹೊಸ ರೂಟರ್? ಅಷ್ಟೇ ಇರುತ್ತದೆ. ಇನ್ವರ್ಟರಿನ ಡಿಸ್‌ಪ್ಲೇ ನೋಡಿ, ಅಲ್ಲಿ ಯೂನಿಟ್ ಏರುತ್ತಿದ್ದರೆ ಗಾಬರಿ ಬೇಡ.

ಇನ್ವರ್ಟರ್ ಬಾಕ್ಸಿಗೆ ಏನಾದರೂ ಮಾಡಬೇಕಾ?

ನೇರ ಬಿಸಿಲು, ಮಳೆ ಬೀಳದಂತೆ ಇರಬೇಕು. ಹಿಂಬದಿಯಲ್ಲಿ ಶಾಖ ಹೊರಹಾಕುವ ರೆಕ್ಕೆಗಳ ಧೂಳನ್ನು ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ಕೊಡವಿ. ಪಕ್ಕದ ಪೆಟ್ಟಿಗೆಯಲ್ಲಿ ಎಸ್‌ಪಿಡಿ ಅಂತ ಇರುತ್ತದೆ, ಸಿಡಿಲಿನ ಹೊಡೆತ ತಡೆಯುವುದು ಅದೇ. ಅದರ ಪುಟ್ಟ ಕಿಟಕಿ ಹಸಿರಿದ್ದರೆ ಸರಿ, ಕೆಂಪಾಗಿದ್ದರೆ ಅದು ಒಂದು ಹೊಡೆತ ತಿಂದು ತನ್ನ ಕೆಲಸ ಮುಗಿಸಿದೆ, ಬದಲಿಸಬೇಕು. ಅಕ್ಟೋಬರ್ ಗುಡುಗಿನ ಮೇಲೆ ಒಮ್ಮೆ ನೋಡುವುದು ರೂಢಿ ಮಾಡಿಕೊಳ್ಳಿ. ಆಫ್ ಮಾಡಬೇಕಾದರೆ ಮೊದಲು ಎಸಿ, ಆಮೇಲೆ ಡಿಸಿ.

ಅರ್ಥಿಂಗ್ ಗುಂಡಿಗೆ ನೀರು ಹಾಕಬೇಕು ಅನ್ನುತ್ತಾರೆ. ನಿಜಾನಾ?

ಹೌದು. ನಮ್ಮದು ಬಂಡೆ ನೆಲ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ. ಸಾಮಾನ್ಯವಾಗಿ ಮೂರು ಗುಂಡಿ ಇರುತ್ತವೆ: ಡಿಸಿಗೆ ಒಂದು, ಎಸಿಗೆ ಒಂದು, ಮಿಂಚು ತಡೆಯುವ ಕಂಬಿಗೆ ಒಂದು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೊಂದು ಬಕೆಟ್ ನೀರು. ಇಲ್ಲಿಗೆ ಆ ಆರ್‌ಒ ನೀರು ಧಾರಾಳವಾಗಿ ಹಾಕಿ. ವರ್ಷಕ್ಕೊಮ್ಮೆ ಅಳೆಸಿದರೆ 5 ಓಮ್ ಒಳಗಿರಬೇಕು.

ಆಲಿಕಲ್ಲು ಬಿದ್ದರೆ?

25 ಮಿಲಿಮೀಟರ್ ಆಲಿಕಲ್ಲಿಗೆ ಪರೀಕ್ಷೆ ಮಾಡಿಯೇ ಪ್ಯಾನಲ್ ಬಿಡುತ್ತಾರೆ. ಮುಂಗಾರಿಗೆ ಮೊದಲಿನ ಮಳೆಯ ಸಣ್ಣ ಆಲಿಕಲ್ಲಿಗೆ ಹೆದರಬೇಡಿ. ಅದರ ಜತೆ ಬರುವ ಗಾಳಿಗೆ ಹೆದರಿ. ಏಪ್ರಿಲ್‌ಗೆ ಮೊದಲೇ ಪ್ಯಾನಲ್ ಕೂರಿಸಿದ ಸ್ಟ್ರಕ್ಚರಿನ ನಟ್ಟು ಬೋಲ್ಟು ಬಿಗಿ ಮಾಡಿಸಿ.

ನಮ್ಮದು ಬ್ಯಾಟರಿ ಇರುವ ಸಿಸ್ಟಮ್. ಅದಕ್ಕೆ ಬೇರೆ ಏನು?

ಲಿಥಿಯಂ ಆದರೆ ಹೆಚ್ಚು ಕೆಲಸ ಇಲ್ಲ, ಬಿಸಿಲು ತಗಲದ ಜಾಗದಲ್ಲಿಡಿ. ಟ್ಯೂಬುಲರ್ ಬ್ಯಾಟರಿ ಆದರೆ ಹಸುವಿನಂತೆ, ನೀರು ನೋಡುತ್ತಿರಬೇಕು. ಪ್ರತಿ ಬಾಯಿಯ ಮೇಲೂ ತೇಲುವ ಕಡ್ಡಿ ಇರುತ್ತದೆ. ತಿಂಗಳಿಗೊಮ್ಮೆ ನೋಡಿ, ಕೆಳಗಿನ ಗುರುತಿಗೆ ಇಳಿಯುವ ಮೊದಲೇ ಡಿಸ್ಟಿಲ್ಡ್ ವಾಟರ್ ಹಾಕಿ. ಮೇಲಿನ ಗುರುತು ದಾಟಬೇಡಿ. ಕುಡಿಯುವ ಕ್ಯಾನ್ ನೀರೂ ಬೇಡ, ಬೋರ್ ನೀರಂತೂ ಬ್ಯಾಟರಿಗೆ ವಿಷ. ಆಸಿಡ್ ಸುರಿಯುವವರಿದ್ದಾರೆ, ಅದೂ ತಪ್ಪು, ಆವಿಯಾಗಿ ಹೋಗುವುದು ನೀರು ಮಾತ್ರ.

ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಕಂಡರೆ, ಸ್ವಿಚ್ ಆಫ್ ಮಾಡಿ ಅಡುಗೆ ಸೋಡಾ ನೀರಲ್ಲಿ ಒರೆಸಿ, ಒಣಗಿಸಿ, ತೆಳ್ಳಗೆ ವ್ಯಾಸಲಿನ್ ಹಚ್ಚಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ದೇವರ ದೀಪ, ಊದುಬತ್ತಿ ಬೇಡ. ಆಯುಧಪೂಜೆ ದಿನ ಬ್ಯಾಟರಿಗೆ ಕುಂಕುಮ ಹಚ್ಚಿ, ಆರತಿ ಮಾತ್ರ ದೂರದಿಂದ.

ಸೋಲಾರ್ ಗೀಸರಿಗೂ ಇದೇನಾ?

ಅದು ಬೇರೆ ವಸ್ತು. ಕರೆಂಟ್ ಮಾಡುವುದಿಲ್ಲ, ನೀರು ಕಾಯಿಸುತ್ತದೆ ಅಷ್ಟೇ. ನಮ್ಮ ಗಡಸು ನೀರಿಗೆ ಅದರ ಕೊಳವೆ ಮತ್ತು ಟ್ಯಾಂಕಿನೊಳಗೆ ಸುಣ್ಣ ಕಟ್ಟುತ್ತದೆ. ನೀರು ಮೊದಲಿನಷ್ಟು ಕಾಯುತ್ತಿಲ್ಲ ಅನ್ನಿಸಿದರೆ ಮೆಕ್ಯಾನಿಕ್‌ನಿಂದ ಒಳಗೆ ತೊಳೆಸಿ.

ವರ್ಷದ ಸರ್ವಿಸ್ ಒಪ್ಪಂದ ಮಾಡಿಕೊಳ್ಳಲಾ?

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಹಾಕಿಸಿದ್ದರೆ ಮೊದಲ 5 ವರ್ಷ ನಿರ್ವಹಣೆ ಹಾಕಿದವರದೇ ಜವಾಬ್ದಾರಿ, ಸುಮ್ನೆ ದುಡ್ಡು ಕೊಡಬೇಡಿ. ಒಪ್ಪಂದದ ಕಾಗದ ಹುಡುಕಿ ತೆಗೆದಿಡಿ. ಐದು ವರ್ಷ ದಾಟಿದವರು ಒಪ್ಪಂದಕ್ಕೆ ಮೊದಲು ಒಂದು ಮಾತು ಕೇಳಿ: "ಬಂದಾಗ ಏನೇನು ಅಳೆಯುತ್ತೀರಿ?" ಪ್ರತಿ ಸಾಲಿನ ವೋಲ್ಟೇಜ್, ಅರ್ಥಿಂಗ್, ಇನ್ಸುಲೇಷನ್, ಕನೆಕ್ಟರ್ ಬಿಸಿ ಅಂದರೆ ಸರಿ. ಬರೀ "ನೀಟಾಗಿ ತೊಳೆದುಕೊಡ್ತೀವಿ ಸಾರ್" ಅಂದರೆ ಆ ಕೆಲಸಕ್ಕೆ ನಿಮ್ಮ ಮನೆಯಲ್ಲೇ ಒಂದು ಕ್ಯಾನ್ ನೀರು, ಒಂದು ಬಟ್ಟೆ ಇದೆ. ಬಂದವರು ಮೊದಲು ಬೋರ್ ಪೈಪಿಗೆ ಕೈ ಹಾಕಿದರೆ ಅಲ್ಲೇ ತಡೆಯಿರಿ.